ಹಾಲು ಮತ್ತು ದಿನಬಳಕೆ ಆಹಾರದ ಪರೀಕ್ಷೆಗಾಗಿ ಮನವಿ

ಇವರಿಗೆ: ಮಾನ್ಯ ಜಿಲ್ಲಾಧಿಕಾರಿಗಳು, ಮೈಸೂರು ಜಿಲ್ಲೆ
ಇವರಿಂದ: ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ ಮತ್ತು ಎಚ್.ಡಿ. ಕೋಟೆ ತಾಲ್ಲೂಕುಗಳ ಹಾಲು ಉತ್ಪಾದಕರು ಹಾಗೂ ಗ್ರಾಹಕರು
ವಿಷಯ: ತಾಲ್ಲೂಕು ಮಟ್ಟದಲ್ಲೇ ಆಹಾರ ಪರೀಕ್ಷೆಯ ವ್ಯವಸ್ಥೆ ಕೋರಿ



ನಮ್ಮ ಊರುಗಳಲ್ಲಿ ದಿನಕ್ಕೆರಡು ಸಲ ಪರೀಕ್ಷೆಗೆ ಒಳಗಾಗುವ ಆಹಾರವೆಂದರೆ ನಾವು ಡೈರಿಗೆ ಹಾಕುವ ಹಾಲೊಂದೇ. ಫ್ಯಾಟು, ಎಸ್‌ಎನ್‌ಎಫ್ (ಕೊಬ್ಬಲ್ಲದ ಘನಾಂಶ) ಕಡಿಮೆ ಬಂದರೆ ಬಟವಾಡೆಯಲ್ಲಿ ದುಡ್ಡು ಕಡಿಮೆಯಾಗುತ್ತದೆ. ಇದಕ್ಕೆ ನಮ್ಮ ತಕರಾರಿಲ್ಲ. ಆದರೆ ಆ ದುಡ್ಡಿನಲ್ಲಿ ಸಂತೆಯಿಂದ ತರುವ ಖಾರದ ಪುಡಿ, ಅರಿಶಿನ, ಟೀ ಪುಡಿ, ಬಿಡಿ ಎಣ್ಣೆಯನ್ನು ಪರೀಕ್ಷಿಸುವವರು ಯಾರು?

ಊರು ದಾಟಿದ ಹಾಲು, ತುಪ್ಪಕ್ಕೂ ಕಾವಲು ಬೇಕು. ಮಂಡ್ಯ ಹಾಲು ಒಕ್ಕೂಟದ ಟ್ಯಾಂಕರ್ ಹಾಲಿಗೆ ನೀರು ಬೆರೆಸಿದ ಹಗರಣ ಬಯಲಾದದ್ದು 2021ರಲ್ಲಿ. ಅದೇ ವರ್ಷ ಡಿಸೆಂಬರ್‌ನಲ್ಲಿ ಮೈಸೂರಿನ ಪಕ್ಕದ ಹೊಸಹುಂಡಿಯಲ್ಲೇ ನಂದಿನಿ ಹೆಸರಿನ ನಕಲಿ ತುಪ್ಪದ ಘಟಕ ಸಿಕ್ಕಿಬಿತ್ತು.

ನೀರು ಬೆರೆಸಿದ್ದನ್ನು ಲ್ಯಾಕ್ಟೋಮೀಟರ್ ಹಿಡಿಯಬಹುದು. ಅದಕ್ಕೆ ಸಿಗದ ವಿಷವೇ ನಮಗೆ ಹೆಚ್ಚಿನ ಚಿಂತೆ. ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ 2018ರಲ್ಲಿ ದೇಶದಾದ್ಯಂತ 6,432 ಹಾಲಿನ ಮಾದರಿಗಳನ್ನು ಪರೀಕ್ಷಿಸಿತು. ಅಪಾಯಕಾರಿ ಕಲಬೆರಕೆ ಕಂಡದ್ದು ಬರೀ 12ರಲ್ಲಿ. ಅಫ್ಲಾಟಾಕ್ಸಿನ್ ಮಿತಿ ಮೀರಿದ್ದು 368ರಲ್ಲಿ, ಆ್ಯಂಟಿಬಯೋಟಿಕ್ 77ರಲ್ಲಿ. ಬೂಸ್ಟು ಹಿಡಿದ ಮುಸುಕಿನ ಜೋಳ, ಹಿಂಡಿ ತಿಂದ ಹಸುವಿನ ಹಾಲಿಗೆ ಅಫ್ಲಾಟಾಕ್ಸಿನ್ ಇಳಿಯುತ್ತದೆ. ಕಾಯಿಸಿದರೂ ಹೋಗದು. ಇದರಲ್ಲಿ ಹಾಲಿನವನನ್ನು ಬೈದು ಫಲವಿಲ್ಲ. ಆದ್ದರಿಂದ ಮಾರಾಟವಾಗುವ ಪಶು ಆಹಾರದ ಮಾದರಿಗಳನ್ನು, ಅದರಲ್ಲೂ ಮಳೆಗಾಲದಲ್ಲಿ, ಪರೀಕ್ಷೆಗೆ ಒಳಪಡಿಸಬೇಕು. ಕೆಚ್ಚಲು ಬಾವಿಗೆ ಆ್ಯಂಟಿಬಯೋಟಿಕ್ ಸೂಜಿ ಹಾಕಿದ ಮೇಲೆ ಎಷ್ಟು ದಿನ ಡೈರಿಗೆ ಹಾಲು ಹಾಕಬಾರದೆಂಬುದನ್ನು ಪಶುವೈದ್ಯರು ಚೀಟಿಯಲ್ಲಿ ಬರೆದುಕೊಡುವಂತೆ ಆದೇಶಿಸಬೇಕು.

2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆಯ 40ನೇ ಕಲಂ ಪ್ರಕಾರ, ಕೊಂಡವನೇ ಶುಲ್ಕ ಕಟ್ಟಿ ತಾನು ಕೊಂಡ ಆಹಾರವನ್ನು ಪರೀಕ್ಷೆ ಮಾಡಿಸಬಹುದು. ದೋಷ ಕಂಡರೆ ಶುಲ್ಕ ವಾಪಸು. ವರದಿಗೆ 14 ದಿನಗಳ ಗಡುವಿದೆ. ಅಂತರಸಂತೆಯ ಕೂಲಿಕಾರ ಒಂದು ಪೊಟ್ಟಣ ಖಾರದ ಪುಡಿ ಹಿಡಿದು, ಕೂಲಿ ಬಿಟ್ಟು ಮೈಸೂರಿಗೆ ಬರಬೇಕಾದರೆ ಈ ಹಕ್ಕು ಇದ್ದೂ ಇಲ್ಲದಂತೆ. ನಾಲ್ಕೂ ತಾಲ್ಲೂಕು ಕೇಂದ್ರಗಳಲ್ಲಿ ವಾರಕ್ಕೊಂದು ದಿನ ಮಾದರಿ ಸ್ವೀಕರಿಸಿ, ರಸೀದಿ ಕೊಟ್ಟು, ವರದಿಯನ್ನು ಅಲ್ಲಿಯೇ ತಲುಪಿಸಬೇಕು.

ಸಂಚಾರಿ ಪ್ರಯೋಗಾಲಯ ಸಂತೆಯ ದಿನವೇ ಬರಲಿ. ಚುಂಚನಕಟ್ಟೆ ಜಾತ್ರೆಗಂತೂ ತಪ್ಪದೆ ಬರಬೇಕು: ಬಾಂಬೆ ಮಿಠಾಯಿ, ಗೋಬಿ ಮಂಚೂರಿಗೆ ರೋಡಮೈನ್-ಬಿ ಬಣ್ಣ ಹಾಕಬಾರದೆಂದು ಸರ್ಕಾರ 2024ರ ಮಾರ್ಚ್‌ನಲ್ಲೇ ಆದೇಶಿಸಿದೆ. ಆದೇಶ ಜಾರಿಯಾಗಬೇಕಾದದ್ದು ಜಾತ್ರೆಯ ಬಯಲಿನಲ್ಲಿ. ಎಚ್.ಡಿ. ಕೋಟೆಯ ಹಾಡಿಗಳ ಆಶ್ರಮ ಶಾಲೆ, ಅಂಗನವಾಡಿಗಳ ಬೇಳೆ, ಎಣ್ಣೆ, ಹಾಲಿನ ಪುಡಿಯ ಮಾದರಿಗಳನ್ನು ಯಾರೂ ದೂರು ಕೊಡುವವರೆಗೆ ಕಾಯದೆ ತೆಗೆಯಬೇಕು.

ಕೊನೆಯದಾಗಿ, ಆಹಾರ ಪ್ರಕರಣಗಳಲ್ಲಿ ಅಪರ ಜಿಲ್ಲಾಧಿಕಾರಿಗಳು ವಿಧಿಸುವ ದಂಡದ ಆದೇಶಗಳನ್ನು ಗ್ರಾಮ ಪಂಚಾಯಿತಿ ಸೂಚನಾ ಫಲಕದಲ್ಲಿ ಹಾಕಿಸಬೇಕು. ಯಾವ ಸರಕು ಫೇಲಾಯಿತೆಂದು ಕೊಳ್ಳುವವನಿಗೆ ತಿಳಿಯದಿದ್ದರೆ ದಂಡದಿಂದ ಅವನಿಗೇನು ಲಾಭ?

ಈ ಬೇಡಿಕೆಗಳ ಮೇಲೆ ಕೈಗೊಂಡ ಕ್ರಮವನ್ನು ಒಂದು ತಿಂಗಳೊಳಗೆ ಲಿಖಿತವಾಗಿ ತಿಳಿಸಬೇಕೆಂದು ಕೋರುತ್ತೇವೆ.


ನಾಲ್ಕು ತಾಲ್ಲೂಕುಗಳ ಹಾಲು ಉತ್ಪಾದಕರು ಹಾಗೂ ಗ್ರಾಹಕರು