ಫಿನಾಯಿಲ್ ಬಾಟಲಿಗೂ ಬೇಕು ಕನ್ನಡದ ಲೇಬಲ್



ಹೊಲಕ್ಕೆ ಸಿಂಪಡಿಸುವ ಕೀಟನಾಶಕದ ಡಬ್ಬಿಯನ್ನು ನೀವು ದೂರದಿಂದಲಾದರೂ ನೋಡಿರುತ್ತೀರಿ. ಅದರ ಮೇಲೆ ಓರೆಯಾಗಿ ನಿಂತ ಒಂದು ಚೌಕವಿರುತ್ತದೆ. ಚೌಕದ ಕೆಳಭಾಗದ ಬಣ್ಣವೇ ವಿಷದ ತೀವ್ರತೆಯನ್ನು ಹೇಳುತ್ತದೆ. ಕೆಂಪು ಅತಿ ಹೆಚ್ಚು ವಿಷ. ಆನಂತರ ಹಳದಿ, ನೀಲಿ, ಹಸಿರು. 1968ರ ಕೀಟನಾಶಕ ಕಾಯ್ದೆಯ ಅಡಿಯಲ್ಲಿ ಬಂದ 1971ರ ನಿಯಮಗಳು ಈ ಗುರುತನ್ನು ಕಡ್ಡಾಯ ಮಾಡಿವೆ. ಲೇಬಲ್ ಮತ್ತು ಒಳಗಿನ ಕರಪತ್ರ ಹಿಂದಿ, ಇಂಗ್ಲಿಷ್ ಜೊತೆಗೆ ಸ್ಥಳೀಯ ಭಾಷೆಯಲ್ಲೂ ಇರಬೇಕು.

ಈಗ ಶಾಲೆಯ ಶೌಚಾಲಯದ ಮೂಲೆಯಲ್ಲಿರುವ ಫಿನಾಯಿಲ್ ಬಾಟಲಿಯನ್ನು ನೋಡಿ. ಅದರಲ್ಲಿ ಅಂಥ ಬಣ್ಣದ ಗುರುತಿಲ್ಲ.

ಸೋಂಕುನಿವಾರಕಗಳಿಗೆ ಕಾನೂನೇ ಇಲ್ಲವೆಂದಲ್ಲ. ಔಷಧ ನಿಯಮಗಳ (1945) ‘ಓ’ ಅನುಸೂಚಿಯು ಕಪ್ಪು ಮತ್ತು ಬಿಳಿ ಸೋಂಕುನಿವಾರಕ ದ್ರವಗಳ ಗುಣಮಟ್ಟವನ್ನು ನಿಗದಿಪಡಿಸಿದೆ. ಇದಕ್ಕೆ ರಿಡಿಯಲ್-ವಾಕರ್ ಗುಣಾಂಕವೇ ಅಳತೆಗೋಲು. ಒಂದು ದ್ರವವು ಶುದ್ಧ ಫಿನಾಲ್‌ಗಿಂತ ಎಷ್ಟು ಪಟ್ಟು ಪ್ರಬಲವಾಗಿ ರೋಗಾಣುಗಳನ್ನು ಕೊಲ್ಲುತ್ತದೆ ಎಂಬುದನ್ನು ಈ ಸಂಖ್ಯೆ ತಿಳಿಸುತ್ತದೆ. ಮೊದಲ ದರ್ಜೆಗೆ 18, ಎರಡನೆಯದಕ್ಕೆ 10, ಮೂರನೆಯದಕ್ಕೆ 5. ದ್ರವ ರೋಗಾಣುವನ್ನು ಕೊಲ್ಲುವುದೇ ಎಂಬುದನ್ನು ಕಾನೂನು ಹೀಗೆ ಪರೀಕ್ಷಿಸುತ್ತದೆ. ಆದರೆ ಬಳಸುವವರಿಗೆ ಎಚ್ಚರಿಕೆ ಅರ್ಥವಾಯಿತೇ ಎಂಬುದೂ ಅಷ್ಟೇ ಮುಖ್ಯ.

ನಮ್ಮ ಜಿಲ್ಲೆಯ ಮುಂಡಗೋಡದ ಟಿಬೆಟನ್ ಕಾಲೊನಿಯನ್ನೇ ತೆಗೆದುಕೊಳ್ಳೋಣ. 1966ರಲ್ಲಿ ಆರಂಭವಾದ ಈ ನೆಲೆಯಲ್ಲಿ ದೊಡ್ಡ ಮಠಗಳಿವೆ, ನೂರಾರು ಜನ ಒಟ್ಟಿಗೆ ಉಣ್ಣುವ ಊಟದ ಮನೆಗಳಿವೆ. ಟಿಬೆಟನ್ ಓದುವವರೂ ಕನ್ನಡ ಓದುವವರೂ ಒಂದೇ ಅಂಗಡಿಯಿಂದ ಒಂದೇ ಬಾಟಲಿ ಕೊಳ್ಳುತ್ತಾರೆ. ಅದರ ಮೇಲಿನ ಇಂಗ್ಲಿಷಿನ ಸಣ್ಣ ಅಕ್ಷರ ಇಬ್ಬರಿಗೂ ಕಷ್ಟ. ಬಣ್ಣದ ಗುರುತಿದ್ದರೆ ಇಬ್ಬರಿಗೂ ಅರ್ಥವಾಗುತ್ತದೆ.

ಅರ್ಥವಾಗದಿದ್ದರೆ ಆಗುವ ಅಪಾಯ ಸಣ್ಣದಲ್ಲ. ಬ್ಲೀಚಿಂಗ್ ಪುಡಿಗೆ ಶೌಚಾಲಯ ತೊಳೆಯುವ ಆಸಿಡ್ ಬೆರೆತರೆ ಕ್ಲೋರಿನ್ ಅನಿಲ ಹೊರಬರುತ್ತದೆ. 1915ರಲ್ಲಿ ಮೊದಲ ಮಹಾಯುದ್ಧದಲ್ಲಿ ಸೈನಿಕರನ್ನು ಕೊಂದದ್ದು ಇದೇ ಅನಿಲ. ಬಿಳಿ ಫಿನಾಯಿಲ್ ನೀರಿಗೆ ಬಿದ್ದೊಡನೆ ಮಜ್ಜಿಗೆಯಂತೆ ಕಾಣುತ್ತದೆ. ಅದನ್ನು ಕುಡಿಯುವ ನೀರಿನ ಬಾಟಲಿಗೆ ತುಂಬಿಟ್ಟರೆ ಬಾಯಾರಿದ ಮಗುವಿಗೆ ಏನು ಗೊತ್ತಾದೀತು?

2022ರ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಅಧಿನಿಯಮವು ರಾಜ್ಯದಲ್ಲಿ ತಯಾರಾಗುವ ವಸ್ತುಗಳ ಹೆಸರು, ಬಳಕೆಯ ವಿವರ ಕನ್ನಡದಲ್ಲೂ ಇರಬೇಕೆನ್ನುತ್ತದೆ. ಇದು ಸ್ವಾಗತಾರ್ಹ. ಆದರೆ ಹೊರರಾಜ್ಯದಲ್ಲಿ ತಯಾರಾಗಿ ಬರುವ ಬಾಟಲಿಗೆ ಇದು ಸಾಲದು. ಆದ್ದರಿಂದ ಕೀಟನಾಶಕಕ್ಕಿರುವ ಬಣ್ಣದ ಗುರುತು ಮತ್ತು ಸ್ಥಳೀಯ ಭಾಷೆಯ ನಿಯಮವನ್ನು ಕೇಂದ್ರ ಸರಕಾರವು ಸೋಂಕುನಿವಾರಕಗಳಿಗೂ ವಿಸ್ತರಿಸಬೇಕು. ಸಣ್ಣ ಬಾಟಲಿಯಲ್ಲಿ ಜಾಗವಿಲ್ಲ ಎಂದು ತಯಾರಕರು ಹೇಳಬಹುದು. ಸಣ್ಣ ಕೀಟನಾಶಕದ ಬಾಟಲಿಗೆ ಕರಪತ್ರ ಇಡಲು ಸಾಧ್ಯವಾದರೆ ಇದಕ್ಕೇಕೆ ಸಾಧ್ಯವಿಲ್ಲ?

ನಿಯಮ ಬರುವವರೆಗೆ ಶಾಲೆಗಳಲ್ಲಿ ನಾವು ಇಷ್ಟನ್ನಾದರೂ ಮಾಡೋಣ:

• ಸೋಂಕುನಿವಾರಕವನ್ನು ಮೂಲ ಬಾಟಲಿಯಲ್ಲೇ ಇಟ್ಟು, ಕಪಾಟಿಗೆ ಬೀಗ ಹಾಕುವುದು.
• ಹೆಸರು ಮತ್ತು ‘ಬೇರೆ ಯಾವುದರೊಂದಿಗೂ ಬೆರೆಸಬೇಡಿ’ ಎಂಬ ಎಚ್ಚರಿಕೆಯನ್ನು ಕನ್ನಡದಲ್ಲಿ ದಪ್ಪಕ್ಷರದಲ್ಲಿ ಬರೆದು ಅಂಟಿಸುವುದು.
• ಬ್ಲೀಚಿಂಗ್ ಪುಡಿಯನ್ನು ತೇವ, ಬಿಸಿಲು ತಾಗದಂತೆ ಮುಚ್ಚಿಡುವುದು. ತೆರೆದಿಟ್ಟರೆ ಕ್ಲೋರಿನ್ ಆರಿಹೋಗಿ ಪುಡಿ ನಿಷ್ಪ್ರಯೋಜಕವಾಗುತ್ತದೆ.
• ಈ ವಸ್ತುಗಳನ್ನು ಮಕ್ಕಳ ಕೈಗೆ ಕೊಡದಿರುವುದು.
• ಕಣ್ಣಿಗೆ ಸಿಡಿದರೆ 15 ನಿಮಿಷ ಹರಿಯುವ ನೀರಿನಲ್ಲಿ ತೊಳೆದು ವೈದ್ಯರ ಬಳಿಗೆ ಒಯ್ಯುವುದು. ಯಾರಾದರೂ ಕುಡಿದರೆ ವಾಂತಿ ಮಾಡಿಸದೆ, ಬಾಟಲಿಯ ಸಮೇತ ಆಸ್ಪತ್ರೆಗೆ ಕರೆದೊಯ್ಯುವುದು.

ಕುಡಿದದ್ದು ಏನೆಂದು ವೈದ್ಯರಿಗೆ ತಿಳಿಸುವುದೂ ಆ ಲೇಬಲ್ಲೇ. ಅದನ್ನು ಕೀಳಬೇಡಿ. ಈ ವಾರವೇ ನಿಮ್ಮ ಶಾಲೆಯ ಕಪಾಟು ತೆರೆದು, ಹೆಸರಿಲ್ಲದ ಬಾಟಲಿಗಳು ಎಷ್ಟಿವೆ ಎಂದು ಎಣಿಸಿ ನೋಡಿ.