ಘಟ್ಟದೂರು ನೋಡುವುದಾದರೆ ಚೈತ್ರದಲ್ಲಿ ನೋಡಿರಿ

ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಕಡೆಯ ನಮ್ಮ ಬೆಳೆಗಾರ ಬಾಂಧವರು ಘಟ್ಟದೂರುಗಳಿಗೆ ಹೋಗುವುದು ಹೆಚ್ಚಾಗಿ ಮಳೆಗಾಲದಲ್ಲಿ, ಜಲಪಾತ ನೋಡಲು. ಆಗ ಎಲ್ಲರ ತೋಟವೂ ಚೆಂದವೇ. ಆ ಹಸಿರಿಗೆ ಮನಸೋತು ಬಂದು, ಕೊಳವೆಬಾವಿ ಕೊರೆಸಿ ಅಡಿಕೆ ಸಸಿ ನೆಟ್ಟವರಲ್ಲಿ ನಾನೂ ಒಬ್ಬ. ಫಸಲು ಹಿಡಿಯುವ ಹೊತ್ತಿಗೆ ಬಾವಿ ಬತ್ತಿತು.

ಆದ್ದರಿಂದ ಮಾರ್ಚ್-ಏಪ್ರಿಲ್‌ನಲ್ಲಿ ಹೋಗಬೇಕೆಂಬುದು ನನ್ನ ಅಭಿಪ್ರಾಯ. ಶಿರಸಿಯ ಮಾರಿಕಾಂಬಾ ಜಾತ್ರೆ ಎರಡು ವರ್ಷಕ್ಕೊಮ್ಮೆ ಫಾಲ್ಗುಣದಲ್ಲಿ ಬರುತ್ತದೆ. ದೇವಿಯ ದರ್ಶನ ಮುಗಿಸಿ ಒಂದು ದಿನ ಹೆಚ್ಚಿಗೆ ನಿಂತು, ಹಳೆಯ ತೋಟವೊಂದಕ್ಕೆ ಇಳಿಯಿರಿ. ತೋಟ ಕಣಿವೆಯ ತಗ್ಗಿನಲ್ಲಿಯೇ ಏಕಿದೆ, ಮೇಲಿನ ಸೊಪ್ಪಿನ ಬೆಟ್ಟವನ್ನು ಏಕೆ ಉಳಿಸಿಕೊಂಡಿದ್ದಾರೆ, ಈಗ ಹಳ್ಳದಲ್ಲಿ ನೀರೆಷ್ಟಿದೆ, ಎಲ್ಲವನ್ನೂ ಕೇಳಿ ತಿಳಿಯಿರಿ.

ಮೂಡಿಗೆರೆ, ಸಕಲೇಶಪುರದ ಕಡೆ ಆಗ ಕಾಫಿ ಹೂವಿನ ಕಾಲ. ಹೂಮಳೆ ಬಿದ್ದು ಎಂಟು-ಹತ್ತು ದಿನಕ್ಕೆ ಗಿಡವೆಲ್ಲ ಬೆಳ್ಳಗಾಗುತ್ತದೆ, ಮೂರು-ನಾಲ್ಕು ದಿನಕ್ಕೆ ಬಾಡುತ್ತದೆ. ರೊಬಸ್ಟಾದಲ್ಲಿ ಒಂದು ಗಿಡದ ಪರಾಗವನ್ನು ಗಾಳಿ, ಜೇನು ಇನ್ನೊಂದಕ್ಕೆ ಒಯ್ದರೆ ಮಾತ್ರ ಕಾಯಿ. ಫೋಟೋಕ್ಕೆಂದು ಸಾಲಿನೊಳಗೆ ನುಗ್ಗಿ ಕೊಂಬೆ ಅಲುಗಿಸಬೇಡಿರಿ. ದಾರಿಯಲ್ಲಿ ನಿಂತರೂ ಪರಿಮಳ ಸಾಕಷ್ಟು ಬರುತ್ತದೆ.

ಹೋಗುವಾಗ ಸವಣೂರಿನ ಎಲೆಯ ಕಟ್ಟೊಂದು ಜೊತೆಗಿರಲಿ. ಮಲೆನಾಡಿನ ಜಗಲಿಯಲ್ಲಿ ಅದನ್ನು ಬಿಚ್ಚಿದರೆ ಮಾತೂ ಬಿಚ್ಚುತ್ತದೆ.