ಊರು ಗುಂಜಿ, ದುಡಿಮೆ ದುಬೈ, ದಾಖಲೆ ಕೊಡುವವರಾರು?

ಖಾನಾಪುರಕ್ಕೂ ಲೋಂಡಾಕ್ಕೂ ನಡುವೆ, ಕಾಡಿನ ಅಂಚಿಗಿರುವ ಸಣ್ಣ ರೈಲು ಸ್ಟೇಶನ್ನಿನ ಊರು ಗುಂಜಿ. ಹೊಟ್ಟೆಪಾಡಿಗೆಂದು ಈ ಭಾಗದ ಹುಡುಗರು ಗೋವೆಗೆ ಇಳಿಯುವುದು ಹಳೆಯ ಮಾತು. ಈಗ ಕೆಲವರ ದಾರಿ ಸಮುದ್ರವನ್ನೂ ದಾಟಿದೆ. ಹಾಗೆ ದುಬೈಗೆ ಹೋದ ಒಬ್ಬನಿಗೆ ಊರಿನ ವಾಸಸ್ಥಳ ದೃಢೀಕರಣ ಪತ್ರ ಬೇಕಾಯಿತು ಎಂದಿಟ್ಟುಕೊಳ್ಳಿ. ಅರ್ಜಿ ಹಾಕಲು ಹೊರಟರೆ ಓಟಿಪಿ ಹೋಗುವುದು ಇಲ್ಲಿಯ ಮೊಬೈಲ್ ನಂಬರಿಗೆ. ಆ ಸಿಮ್ ಸತ್ತು ವರ್ಷವಾಗಿದೆ. ಕೊನೆಗೆ ಮುದುಕಿ ತಾಯಿಯೇ ನಾಡಕಚೇರಿಯ ಮೆಟ್ಟಿಲು ಹತ್ತಬೇಕು.

ಮುಂದಿನದು ಸ್ಥಳ ಪರಿಶೀಲನೆ. ಹಳ್ಳಿಯ ಬಾಯಲ್ಲಿ ಇಂದಿಗೂ ತಲಾಠಿಯೇ ಆಗಿರುವ ಗ್ರಾಮ ಆಡಳಿತಾಧಿಕಾರಿ ಮನೆಗೆ ಬಂದು ಕೇಳುತ್ತಾರೆ: "ಆಯಿ, ಮಗಾ ಎಲ್ಲದಾನ್ರಿ?" ಮುದುಕಿ ಸುಳ್ಳು ಹೇಳಲಾರಳು. "ದುಬೈದಾಗ ಅದಾನ್ರಿ ಸಾಹೇಬ್ರ. ಗಣಪತಿ ಹಬ್ಬಕ್ಕ ಬರ್ತೀನಿ ಅಂದಾನ." ಅಲ್ಲಿಗೆ ಕತೆ ಮುಗಿಯಿತು. ಇಲ್ಲಿ ವಾಸವಿಲ್ಲದವನಿಗೆ ಇಲ್ಲಿ ವಾಸವಿದ್ದಾನೆಂದು ಬರೆದುಕೊಡುವುದು ಹೇಗೆ?

ತಲಾಠಿಯ ತಪ್ಪೇನೂ ಇಲ್ಲ. ಸುಳ್ಳು ದಾಖಲೆ ಕೊಟ್ಟರೆ ಕೊಟ್ಟವರಿಗೂ ಆಪತ್ತು, ಪಡೆದವನಿಗೂ ಆಪತ್ತು. ಆದರೆ ಹುಡುಗನ ತಪ್ಪೂ ಇಲ್ಲ. ಅಜ್ಜನ ಹೆಸರಿನ ಉತಾರ ಈ ಊರಿನದು, ಅವನ ಪಾಸ್‌ಪೋರ್ಟಿನ ವಿಳಾಸ ಈ ಊರಿನದು, ಅವನು ಕಳಿಸುವ ಹಣದಿಂದ ಉರಿಯುವ ಒಲೆ ಈ ಊರಿನದು. ವಾಸ ಬೇರೆ, ಊರು ಬೇರೆ ಎಂಬ ಸಾದಾ ಸಂಗತಿಗೆ ಅರ್ಜಿಯ ನಮೂನೆಯಲ್ಲಿ ಜಾಗವಿಲ್ಲದ್ದೇ ತೊಡಕು.

ಜಾಗ ಮಾಡಲು ಬಾರದು ಎನ್ನುವಂತಿಲ್ಲ. ಚುನಾವಣಾ ಆಯೋಗ ಮಾಡಿ ತೋರಿಸಿದೆ. 1950ರ ಪ್ರಜಾಪ್ರತಿನಿಧಿ ಕಾಯ್ದೆಗೆ 2010ರಲ್ಲಿ ತಂದ ತಿದ್ದುಪಡಿಯಂತೆ, ಪರದೇಶದಲ್ಲಿರುವ ಭಾರತೀಯ ಪ್ರಜೆ ನಮೂನೆ 6ಎ ತುಂಬಿ, ಪಾಸ್‌ಪೋರ್ಟಿನಲ್ಲಿರುವ ಊರಿನ ಮತದಾರರ ಪಟ್ಟಿಗೇ ಸೇರಬಹುದು. ಮತ ಹಾಕಲು ಮಾತ್ರ ಖುದ್ದು ಬರಬೇಕು. ಊರ ಮನೆಯಲ್ಲಿ ಸಾಕ್ಷಿ ಹೇಳುವ ಬಂಧುಗಳಿಲ್ಲದಿದ್ದರೆ ಕಾಗದಗಳನ್ನು ಅಲ್ಲಿಯ ಭಾರತೀಯ ರಾಯಭಾರ ಕಚೇರಿಗೆ ಕಳಿಸಿ ತಾಳೆ ನೋಡುವ ವ್ಯವಸ್ಥೆಯೂ ಇದೆ. ಆಧಾರದಲ್ಲಿಯೂ ಅಷ್ಟೇ. 2016ರ ಕಾಯ್ದೆ 182 ದಿನ ದೇಶದಲ್ಲಿದ್ದವರಿಗೇ ಎಂದಿತ್ತು. 2019ರಲ್ಲಿ ಭಾರತದ ಪಾಸ್‌ಪೋರ್ಟ್ ಉಳ್ಳ ಅನಿವಾಸಿಗಳಿಗೆ ಆ ಕಾಯುವಿಕೆ ತಪ್ಪಿತು. ದಿಲ್ಲಿಗೆ ತಿಳಿದದ್ದು ಬೆಂಗಳೂರಿಗೆ ತಿಳಿಯದೆ?

ಗಡಿಭಾಗದವರಿಗೆ ಇನ್ನೊಂದು ಗೋಳು ಹೆಚ್ಚಿಗೆ. ಮನೆಮಾತು ಮರಾಠಿ, ಕಚೇರಿಯ ಮಾತು ಕನ್ನಡ, ಪಾಸ್‌ಪೋರ್ಟಿನ ಅಕ್ಷರ ಇಂಗ್ಲಿಷು. ಒಂದೇ ಹೆಸರು ಮೂರು ಕಡೆ ಮೂರು ಥರ. 2014ರ ನವೆಂಬರ್ 1ರಂದು ಬೆಳಗಾಂ ಹೋಗಿ ಬೆಳಗಾವಿ ಬಂತು. ಹಳೆಯ ಕಾಗದದಲ್ಲಿ ಒಂದು ಹೆಸರು, ಹೊಸದರಲ್ಲಿ ಇನ್ನೊಂದು. ಎರಡೂ ಒಂದೇ ಊರೆಂದು ಪರದೇಶದ ಗುಮಾಸ್ತನಿಗೆ ತಿಳಿಹೇಳುವವರು ಯಾರು?

ಪರದೇಶದಲ್ಲಿರುವವರೂ ಒಂದು ಮಾತು ನೆನಪಿಡಬೇಕು. ಏಜೆಂಟನ ಕೈಗೆ ದುಡ್ಡು ಸುರಿಯುವ ಮುಂಚೆ, ಕೇಳುವವರಿಗೆ ಬೇಕಾದದ್ದು ಏನು ಎಂಬುದನ್ನು ಬರಹದಲ್ಲಿ ಪಡೆಯಿರಿ. ಸದ್ಯದ ವಾಸಕ್ಕೆ ಪುರಾವೆ ಬೇಕಿದ್ದರೆ ಅದು ಇರುವ ದೇಶದಲ್ಲಿಯೇ ಸಿಗಬೇಕು. ಖಾನಾಪುರದ ತಹಶೀಲದಾರರು ಅದನ್ನು ಕೊಡಲಾರರು. ಖಾಯಂ ವಿಳಾಸ ಸಾಕೆಂದರೆ ಪಾಸ್‌ಪೋರ್ಟೋ ಮತದಾರರ ಪಟ್ಟಿಯೋ ನಡೆದೀತು. ಊರಲ್ಲಿಯೇ ಇರುವ ಹೆಂಡತಿ ಮಕ್ಕಳಿಗೆ ಪತ್ರ ಬೇಕಿದ್ದರೆ ಅವರ ಹೆಸರಿನಲ್ಲಿಯೇ ಅರ್ಜಿ ಹಾಕಬೇಕು. ಜಮೀನಿನ ಕೆಲಸವಿದ್ದರೆ ಭಾರತೀಯ ದೂತಾವಾಸದ ಮುಂದೆ ಮುಖ್ತ್ಯಾರ ಪತ್ರ ಬರೆದು ಕಳಿಸಬೇಕು. ಅದು ಇಲ್ಲಿಗೆ ತಲುಪಿದ ಮೂರು ತಿಂಗಳೊಳಗೆ ಸ್ಟ್ಯಾಂಪ್ ಶುಲ್ಕ ಕಟ್ಟುವುದನ್ನು ಮರೆಯಬಾರದು. ಇಲ್ಲಿಯ ಪತ್ರ ಅಲ್ಲಿ ನಡೆಯಬೇಕಾದರೆ ವಿದೇಶಾಂಗ ಇಲಾಖೆಯ ಅಪೊಸ್ಟಿಲ್ ಮುದ್ರೆ ಬೇಕು. ಆ ಒಪ್ಪಂದಕ್ಕೆ ಭಾರತ 2005ರಲ್ಲಿ ಸೇರಿದೆ. ಸೇರದ ದೇಶಗಳಿಗೆ ಆಯಾ ರಾಯಭಾರ ಕಚೇರಿಯ ಸಹಿಯೇ ಗತಿ.

ಇನ್ನು ಸರಕಾರದ ಪಾಳಿ. ಬೇಕಾದದ್ದು ಉಪಕಾರವಲ್ಲ, ನಿಜವನ್ನು ನಿಜವೆಂದು ಬರೆಯುವ ಒಂದು ಪತ್ರ: "ಖಾಯಂ ವಿಳಾಸ ಗುಂಜಿ, ಸದ್ಯ ಉದ್ಯೋಗ ನಿಮಿತ್ತ ಪರದೇಶದಲ್ಲಿ." ಇಷ್ಟು ಬರೆದರೆ ತಲಾಠಿಯೂ ಸುಳ್ಳುಗಾರನಾಗುವುದಿಲ್ಲ, ಮುದುಕಿಯೂ ಸುಳ್ಳು ಹೇಳಬೇಕಿಲ್ಲ. ಅರ್ಜಿ ತಿರಸ್ಕರಿಸಿದರೆ ಕಾರಣ ಬರೆದುಕೊಡಲಿ. 2011ರ ಸಕಾಲ ಕಾಯ್ದೆ ಮೇಲ್ಮನವಿಗೂ ದಾರಿ ಇಟ್ಟಿದೆ, ತಡವಾದರೆ ದಿನಕ್ಕೆ 20 ರೂಪಾಯಿಯಂತೆ 500ರವರೆಗೆ ಪರಿಹಾರಕ್ಕೂ ಇಟ್ಟಿದೆ. ಅದನ್ನು ಕೇಳುವ ಧೈರ್ಯ ನಮ್ಮ ಹಳ್ಳಿಗರಿಗೆ ಬರಬೇಕು.

ದುಡಿಯಲು ಹೋದವನು ಊರು ಬಿಟ್ಟವನಲ್ಲ. ಅವನ ಹಣ ಊರಿಗೆ ಬೇಕು, ಹೆಸರು ಮಾತ್ರ ಬೇಡ ಎಂದರೆ ಅದು ಯಾವ ನ್ಯಾಯ? ಸಂಬಂಧಪಟ್ಟವರು ಇತ್ತ ಲಕ್ಷ್ಯ ಕೊಡಲಿ. ಮುಂದಿನ ಗಣಪತಿ ಹಬ್ಬಕ್ಕೆ ಬಂದ ಮಗ ರಜೆಯನ್ನೆಲ್ಲ ಕಚೇರಿಯ ಬಾಗಿಲಲ್ಲಿ ಕಳೆಯದೆ ತಾಯಿಯ ಹತ್ತಿರ ಕೂಡುವಂತಾಗಲಿ.